ಗುಳಿಗಿ ಕರಗುವ ತನಕ

ಉತ್ತಮನದು ಕಣ್ಣಿನಲ್ಲೇ ಮಾತು. ನಾಲಿಗೆಯ ಕೆಳಗೆ ಗುಳಿಗಿ ಇಟ್ಟುಕೊಂಡು, ಅದು ಪೂರ್ತಿ ಕರಗುವವರೆಗೂ ವಿಶಾಖಾಳ ಎದುರಿಗೇ ಬಾಯಿ ಮುಚ್ಚಿ ಕೂಡಬೇಕಿತ್ತು. ಬೀದರಿನ ಆ ವ್ಯಸನಮುಕ್ತಿ ಕೇಂದ್ರದಲ್ಲಿ ಅವಳು ಫಾರ್ಮಸಿಸ್ಟ್. ಭಾಲ್ಕಿಯಿಂದ ದಿನಾ ಬಸ್ಸಿನಲ್ಲಿ ಬರುವವಳು.

ಅವನು ಔರಾದಿನ ಲೈನ್‌ಮನ್. ಕಂಬದಿಂದ ಬಿದ್ದು ಬೆನ್ನು ಮುರಿದಾಗ ಶುರುವಾದ ನೋವಿನ ಗುಳಿಗಿ, ನೋವು ಹೋದ ಮೇಲೂ ಅವನನ್ನು ಬಿಟ್ಟಿರಲಿಲ್ಲ. ಆ ಚಟ ಬಿಡಿಸಲು ಈ ಔಷಧ; ಯಾರೂ ಹೊರಗೆ ಒಯ್ಯದಂತೆ, ಕರಗಿದ ಮೇಲೆ ಬಾಯಿ ತೆರೆದು ತೋರಿಸಬೇಕೆಂಬ ನಿಯಮ.

ಅವಳು ಮಲ್ಲಿಗೆ ಮುಡಿದು ಬಂದ ದಿನ ಅವನು ಹುಬ್ಬು ಹಾರಿಸಿ, ಉದ್ದಕ್ಕೆ ಉಸಿರೆಳೆದು, ಕಣ್ಣು ಮುಚ್ಚಿದ. ವಿಶಾಖಾ ನಗು ತಡೆಯಲಾರದೆ ಕಪಾಟಿನ ಕಡೆ ತಿರುಗಿದಳು.

"ಕರಗ್ತೇನ್ರಿ?"

"ಗುಳಿಗಿ ಕರಗ್ತರಿ. ನಾನೂ ಕರಗೀನಿ."

ಬಾಯಿ ತೆರೆದು ತೋರಿಸಿ ಎನ್ನುವುದನ್ನು ಅವಳು ಅಂದಿನಿಂದ ಬಿಟ್ಟೇಬಿಟ್ಟಳು. ಅವ್ವನ ಮುಂದೆ ಅವನ ಹೆಸರೂ ಹೇಳಿದಳು.

ಒಂದು ಮಧ್ಯಾಹ್ನ ಅವನು ಹೆಲ್ಮೆಟ್ ಮರೆತು ಹೋದ. ಕೊಡಲೆಂದು ಹಿಂದೆಯೇ ಓಡಿದಳು. ಗೇಟಿನಾಚೆ ಅವನು ಕರವಸ್ತ್ರ ಬಿಚ್ಚಿ, ಅರ್ಧ ಕರಗಿದ ಗುಳಿಗಿಯನ್ನು ಒಬ್ಬನ ಅಂಗೈಗೆ ಹಾಕುತ್ತಿದ್ದ.

"ಇವ ಮಕ್ಸೂದ ಅಂತರಿ, ನನ್ನ ದೋಸ್ತ. ಇವಗೂ ಅದೇ ಚಟ. ಸೆಂಟರಿಗಿ ಬರ್ಲಿಕ್ಕ ನಾಚ್ತಾನ..."

"ನಾ ನಕ್ಕು ಆಚಿ ತಿರುಗಿದಾಗ ಬಾಯಾಗಿಂದ ತೆಗೀತಿದ್ರಿ, ಹೌದಿಲ್ಲೋ?"

ಅವನು ತಲೆ ತಗ್ಗಿಸಿದ.

"ಅದಕ್ಕ ನಗಸ್ತಿದ್ರೇನ್ರಿ ನನ್ನ?"

"ಮೊದಲ ಅದಕ್ಕರಿ. ಆಮ್ಯಾಲ ಖರೇನ..."

ಮುಂದಿನ ಮಾತು ಅವಳಿಗೆ ಕೇಳಿಸಲಿಲ್ಲ. 'ಮೊದಲ' ಎಂಬುದೊಂದೇ ಎದೆಗೆ ನಾಟಿತು.

ಒಳಗೆ ಬಂದು ಡಾಕ್ಟರಿಗೆ ಎಲ್ಲ ಹೇಳಿದಳು. "ಅವರಿಗಿ ಹೊರಗ ಹಾಕಬ್ಯಾಡ್ರಿ ಸರ್. ಔಷಧ ನಿಂತ್ರ ಜೀವಕ್ಕ ಕುತ್ತು ಅದ. ನನ್ನ ಕೈಲಿಂದ ಮಾತ್ರ ಬ್ಯಾಡ್ರಿ."

ಮರುದಿನ ಉತ್ತಮನು ಮಕ್ಸೂದನನ್ನು ಕೈ ಹಿಡಿದೇ ಕರೆತಂದ. ಇನ್ನೊಬ್ಬ ಫಾರ್ಮಸಿಸ್ಟ್ ರಶೀದ ಅಹ್ಮದರ ಎದುರು ಕೂತು, ಗುಳಿಗಿ ಕರಗಿಸಿ, ಬಾಯಿ ಅಗಲಿಸಿ ತೋರಿಸಿದ. ಹೋಗುವ ಮುನ್ನ ವಿಶಾಖಾಳ ಕಿಟಕಿಯ ಹತ್ತಿರ ನಿಂತ.

"ಇವತ್ತ ಪೂರಾ ತಗೊಂಡೀನ್ರಿ. ಮಕ್ಸೂದಗೂ ಇಲಾಜ ಶುರು ಆಗ್ಯಾದ. ಈಗರೆ ನಂಬ್ತೀರೇನ್ರಿ?"

ಅಳು ಬಂದರೂ ಅವಳು ಮುಖ ತಿರುಗಿಸಲಿಲ್ಲ.

"ಪ್ರೀತಿ ಅದರಿ ನಿಮ್ಮ ಮ್ಯಾಲ, ಸುಳ್ಳ ಹೇಳೂದಿಲ್ಲ," ಎಂದಳು. "ನಂಬಿಗಿ ಇಲ್ಲ. ದಿನಾ ಬರ್ರಿ... ನನ್ನ ಸಲುವಾಗಿ ಬರಬ್ಯಾಡ್ರಿ."