ಮಾಂತ್ರಿಕನ ಕೌದಿಗೆ ತಕ್ಕ ಸೂಜಿ

ಏಳು ಬೆಟ್ಟಗಳಾಚೆ, ಗಿಡಮರಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊನ್ನಂಬರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಸಂಗಣ್ಣ ಅಂತ ಒಬ್ಬ ಸಿಂಪಿಗ. ಕೈ ಚುರುಕು, ಆದರೆ ಮಹಾ ಅವಸರದವನು. ಕೈಗೆ ಸಿಕ್ಕಿದ್ದೇ ಸೂಜಿ! ಒಂದು ದಿನ ಮಾಂತ್ರಿಕ ಕರಾಳಕೇತುವಿನ ರೇಷ್ಮೆ ನಿಲುವಂಗಿಯನ್ನು ದಪ್ಪ ಸೂಜಿಯಲ್ಲಿ ಹೊಲಿದು ತೂತು ತೂತು ಮಾಡಿಬಿಟ್ಟ. ಮಾಂತ್ರಿಕ ಉಫ್ ಅಂದ, ಸಂಗಣ್ಣ ಕೊಕ್ಕರೆಯಾದ.

ಹೆಂಡತಿ ಬಾಳವ್ವ ಅಳಲಿಲ್ಲ ಅಂದರೆ ಸುಳ್ಳಾದೀತು. ಹೊಟ್ಟೆ ತುಂಬ ಅತ್ತಳು. ಆಮೇಲೆ ಕೊಕ್ಕರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಾಂತ್ರಿಕನ ಕೋಟೆಗೆ ನಡೆದಳು.

“ನಮ್ಮ ಮನಿಯವರನ್ನ ಮೊದಲಿನಂಗ ಮಾಡ್ರೀ,” ಅಂದಳು.

“ಮೂರು ಹೊಲಿಗಿ ಹಾಕು. ಒಂದೊಂದಕ್ಕ ಒಂದೇ ಸೂಜಿ. ತಪ್ಪಿದರ ನೀನೂ ಕೊಕ್ಕರಿ!” ಎಂದು ಮಾಂತ್ರಿಕ ಸಾವಿರ ಸೂಜಿಗಳ ಪೆಟ್ಟಿಗೆ ತೆರೆದಿಟ್ಟ.

ಮೊದಲನೆಯದು, ಬೆಂಕಿ ಉಗುಳುವ ಆನೆಯ ಚರ್ಮದ ಪಟ್ಟಿ. ಬಾಳವ್ವ ಹೆಬ್ಬೆರಳಿಂದ ಒತ್ತಿ ನೋಡಿ, ಗೋಣಿಚೀಲ ಹೊಲಿಯುವ ದಬ್ಬಣ ತೆಗೆದಳು. ಹೊಲಿಗೆ ಭದ್ರವಾಗಿ ಕೂತಿತು.

ಎರಡನೆಯದು, ಪಾತರಗಿತ್ತಿಯ ಹರಿದ ರೆಕ್ಕೆ. ಮೆಲ್ಲಗೆ ಸವರಿ ನೋಡಿ, ಎಲ್ಲಕ್ಕಿಂತ ಸಣ್ಣ ಸೂಜಿಗೆ ತನ್ನ ಕೂದಲನ್ನೇ ಪೋಣಿಸಿದಳು. ಪಾತರಗಿತ್ತಿ “ಬದುಕಿದೆನವ್ವಾ” ಅಂತ ಹಾರಿಹೋಯಿತು.

ಮೂರನೆಯದು, ಮಾಂತ್ರಿಕ ಚಿಕ್ಕವನಿದ್ದಾಗ ಹೊದ್ದ ಕೌದಿ. ಮೇಲಿನ ಬಟ್ಟೆ ಸವೆದು ಸವೆದು ಜೇಡರ ಬಲೆಯಾಗಿದೆ, ಒಳಗೆ ಎಂಟು ಪದರು. ಸಣ್ಣ ಸೂಜಿ ಮುರಿಯುತ್ತದೆ. ದಬ್ಬಣ ಹಾಕಿದರೆ ಬಟ್ಟೆ ಹರಿಯುತ್ತದೆ. ಪೆಟ್ಟಿಗೆಯಲ್ಲಿ ತಕ್ಕದ್ದು ಒಂದೂ ಇಲ್ಲ. ಬಾಳವ್ವ ಪೆಟ್ಟಿಗೆ ಮುಚ್ಚಿ, ಕೌದಿಯ ಹಳೆಯ ಹೊಲಿಗೆಯನ್ನೇ ದಿಟ್ಟಿಸಿದಳು.

“ಇದನ್ನ ಹೊಲಿದವರು ಯಾರ್ರೀ?”

“ನಮ್ಮವ್ವ. ಪಾಪಿ! ನಾ ಸಾಯಲಿ ಅಂತ ಒಳಗ ಸೂಜಿ ಇಟ್ಟಿದ್ಲು. ಆಕಿ ತೀರಿಕೊಂಡ ಮ್ಯಾಲ ಒಂದಿನ ಕುತ್ತಿಗಿಗೆ ಚುಚ್ಚಿತು. ಅವತ್ತಿಂದ ನಾ ಯಾರನ್ನೂ ನಂಬಿಲ್ಲ.”

ಬಾಳವ್ವ ಕೌದಿಯ ಮೂಲೆಗಳನ್ನು ತಡವಿದಳು. ನಾಲ್ಕನೇ ಮೂಲೆಯ ತೇಪೆಯಡಿ ಸೂಜಿ ಸಿಕ್ಕಿತು, ಮಾರುದ್ದ ದಾರದ ಸಮೇತ.

“ಅಯ್ಯೋ ತಮ್ಮಾ! ಕೌದಿ ಹೊಲಿದ ಸೂಜಿನ ನಾವು ಮೂಲ್ಯಾಗ ಇಟ್ಟು ತೇಪಿ ಹಚ್ಚತೀವಿ. ಮುಂದ ಹರಿದ್ರ ತಕ್ಕ ಸೂಜಿ ಹುಡುಕೋ ಪ್ರಸಂಗ ಬರಬಾರದಲ್ಲ, ಅದಕ್ಕ. ತೇಪಿ ಸವೆದು ಚುಚ್ಚೇತಿ, ಅಷ್ಟ. ತಾ ಇಲ್ಲದ ದಿನಕ್ಕ ಅಂತ ನಿಮ್ಮವ್ವ ಇಟ್ಟು ಹೋಗ್ಯಾಳ.”

ಅದೇ ಸೂಜಿಯಲ್ಲಿ ಹೊಲಿದಳು. ಒಂದೆಳೆಯೂ ಹರಿಯಲಿಲ್ಲ. ಕರಾಳಕೇತು ಕೌದಿಗೆ ಮುಖವೊತ್ತಿ “ಅವ್ವಾ” ಅಂತ ಮಗುವಿನ ಹಾಗೆ ಅತ್ತ. ಆ ಕಣ್ಣೀರಿಗೆ ಅವನ ಮಾಟವೆಲ್ಲ ಕರಗಿಹೋಯಿತು. ಕಲ್ಲಾದವರು, ಕಪ್ಪೆಯಾದವರು ಎಲ್ಲ ಮನುಷ್ಯರಾಗಿ ಮನೆಗೆ ನಡೆದರು. ಕೊಕ್ಕರೆ ಸಂಗಣ್ಣನಾಯಿತು.

“ಇನ್ನ ಮ್ಯಾಲ ಮೊದಲು ಬಟ್ಟಿ ಮುಟ್ಟಿ ನೋಡತೀನಿ, ಆಮ್ಯಾಲ ಸೂಜಿ,” ಅಂದ ಸಂಗಣ್ಣ, ಇನ್ನೂ ಒಂಟಿ ಕಾಲಲ್ಲೇ ನಿಂತು.

ಬಾಳವ್ವ ಸೂಜಿಯನ್ನು ಮತ್ತೆ ಮೂಲೆಯಲ್ಲಿಟ್ಟು, ಈ ಸಲ ಎರಡು ಪದರಿನ ತೇಪೆ ಹಚ್ಚಿದಳು. ಕರಾಳಕೇತು ಅದನ್ನೇ ಹೊದ್ದು ಹಾಯಾಗಿ ಮಲಗಿದ. ಅವರು ಅಲ್ಲಿ ಬೆಚ್ಚಗೆ, ನಾವು ಇಲ್ಲಿ ಬೆಚ್ಚಗೆ.