ಸ್ಪ್ರಿಂಗು ಇನ್ನೂ ಕೂತಿಲ್ಲ

ಸರ್ವೇಯರ್ ಮೊದಲ ಸಲ ಮಾತಾಡಿದ್ದು ಅವಳ ಬೂಟುಗಳ ಜೊತೆ.

ಅವಳು ಆಗ ಒಂದು ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿದ್ದಳು. ಹೊರಗೆ ಕಾಣುತ್ತಿದ್ದದ್ದು ಗ್ರೀಸು ಮೆತ್ತಿದ ಎರಡು ಬೂಟು ಮಾತ್ರ. ಬಂದವನು ಪಾಪ, ಮರ್ಯಾದಸ್ಥ. ಕುಕ್ಕರಗಾಲಲ್ಲಿ ಕೂತು ಆ ಬೂಟುಗಳಿಗೇ ತನ್ನ ಅಹವಾಲು ಹೇಳಿಕೊಂಡ.

"ಹಳೇ ಸ್ಪೋರ್ಟ್ಸ್ ಕಾರು. ಎರಡು ವರ್ಷದಿಂದ ನಾನೇ ಒಂದೊಂದಾಗಿ ಸರಿ ಮಾಡ್ಕೊಂಡು ಬಂದಿದ್ದೀನಿ. ಸಸ್ಪೆನ್ಷನ್ ಒಂದು ನನ್ ಕೈಲಿ ಆಗಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿ, ಆದಷ್ಟು ಕೆಳಗೆ ಇಳಿಸಿಕೊಡಿ. ನೆಲ ಮುಟ್ಟೋ ಹಾಗಿರ್ಬೇಕು."

"ನೆಲ ಮುಟ್ಟಬೇಕು ಅಂದ್ರೆ ಒಂದು ಚಾಪೆ ತಗೊಳ್ಳಿ," ಎಂದವು ಬೂಟುಗಳು. "ಕಾರು ಯಾಕೆ?"

ಅವಳು ಹೊರಗೆ ಜಾರಿ ಬಂದಳು. ಅವನಿಗೆ ನಗು ಬಂದದ್ದು ಸ್ವಲ್ಪ ತಡವಾಗಿ, ಆದರೆ ಬಂದ ಮೇಲೆ ಕಣ್ಣಿನವರೆಗೂ ಬಂತು. ಅದನ್ನು ನೋಡಿ ಅವಳು ಆಗಲೇ ಒರೆಸಿಕೊಂಡಿದ್ದ ಕೈಯನ್ನು ಇನ್ನೊಂದು ಸಲ ಒರೆಸಿಕೊಂಡಳು.

ಗ್ಯಾರೇಜು ಅಪ್ಪನದು. ಮಂಡಿ ನೋವು ಶುರುವಾದ ಮೇಲೆ ಅವರು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕಾರ್ಬ್ಯುರೇಟರ್ ಬಿಚ್ಚುತ್ತ ಕೂರುತ್ತಿದ್ದರು; ಕಾರಿನ ಅಡಿಯ ಕೆಲಸವೆಲ್ಲ ಮಗಳದ್ದು. ಬೋರ್ಡಿನ ಬಣ್ಣ ಹೋಗಿತ್ತೇ ಹೊರತು ಗ್ಯಾರೇಜಿನ ಹೆಸರು ಹೋಗಿರಲಿಲ್ಲ. ಆಗದ ಕೆಲಸವನ್ನು ಆಯಿತು ಅನ್ನುವುದಿಲ್ಲ, ಆದ ಕೆಲಸವನ್ನು ಆಗಿಲ್ಲ ಅನ್ನುವುದಿಲ್ಲ: ಇದೊಂದು ಅಪ್ಪ ಹಾಕಿಟ್ಟ ಗೆರೆ. ಮಗಳು ಅಲ್ಲಿಯವರೆಗೆ ಅದನ್ನು ಒಂದು ದಿನವೂ ದಾಟಿದವಳಲ್ಲ.

ಅವನ ಕಾರು ಬೆಣ್ಣೆ ಬಣ್ಣದ್ದು, ಎರಡೇ ಸೀಟು. ಅವಳು ಜಗಳಕ್ಕೆ ಹೋಗಲಿಲ್ಲ. ಮುಂದಿನ ಸ್ಪ್ರಿಂಗು ತೆಗೆದು, ಜಾಕ್ ಕೊಟ್ಟು, ಚಕ್ರವನ್ನು ಅವನು ಕೇಳಿದ ಎತ್ತರಕ್ಕೆ ತಂದು ನಿಲ್ಲಿಸಿದಳು.

"ನೋಡಿ, ನೀವು ಹೇಳಿದ ಹಾಗೇ ಇದೆ. ಚಕ್ರದ ಮೇಲೆ ಎಷ್ಟು ಜಾಗ ಉಳೀತು?"

ಅವನು ಮಡ್‌ಗಾರ್ಡಿನ ಒಳಗೆ ಕೈ ಹಾಕಿ ನೋಡಿದ. "ಎರಡು ಬೆರಳು."

"ರೋಡ್ ಹಂಪ್ ಬಂದಾಗ ಚಕ್ರ ಮೇಲೆ ಬರೋದು ನಾಲ್ಕು ಬೆರಳು. ಇನ್ನೆರಡು ಬೆರಳು ಎಲ್ಲಿಂದ ತರ್ತೀರಿ?"

ಅವನು ಯೋಚಿಸಿದ. "ನನ್ನ ಬೆನ್ನಿಂದ ಅಂತ ಕಾಣುತ್ತೆ."

ಅವಳು ಪಕ್ಕೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೂರು ಜೊತೆ ಸ್ಪ್ರಿಂಗು ತಂದು ಬೆಂಚಿನ ಮೇಲೆ ಇಟ್ಟಳು. ಅತಿ ಗಟ್ಟಿ ಬೇಡ, ಅತಿ ಮೆತ್ತಗೂ ಬೇಡ, ನಡುವಿನದು. ಅದಕ್ಕೆ ಒಪ್ಪುವ ಶಾಕ್ ಅಬ್ಸಾರ್ಬರು. ಇಲ್ಲದಿದ್ದರೆ ಕಾರು ಒಂದು ಹಂಪ್ ದಾಟಿ ಬೀದಿಯ ಕೊನೆಯವರೆಗೂ ಕುಣಿಯುತ್ತದೆ. ಕೀಲುಗಳಲ್ಲಿ ಕೂರುವ ಬುಷ್ಷು ರಬ್ಬರಿನದೇ ಇರಲಿ. "ಪ್ಲಾಸ್ಟಿಕ್ ಬುಷ್ ಹಾಕಿದ್ರೆ ದಾರೀಲಿರೋ ಪ್ರತಿ ಕಲ್ಲೂ ನಿಮ್ಮ ಬೆನ್ನುಮೂಳೆಗೆ ಬಂದು ಕ್ಷೇಮಸಮಾಚಾರ ಹೇಳುತ್ತೆ."

ಅವನು ತನ್ನದೇ ಟೇಪು ತೆಗೆದು ಅಳೆದ, ಬಗ್ಗಿ ನೋಡಿದ, ಎದ್ದು ನಿಂತ. "ನೀವು ಹೇಳಿದ್ದೇ ಸರಿ. ನಾನು ಹೇಳಿದ್ದಕ್ಕಿಂತ ಮೂವತ್ತು ಮಿಲಿಮೀಟರ್ ಮೇಲೇ ಇರಲಿ."

ಅಷ್ಟೇ. ವಾದವಿಲ್ಲ, ಮುಖ ಸಣ್ಣದು ಮಾಡಿಕೊಂಡದ್ದಿಲ್ಲ. ಇಂಟರ್‌ನೆಟ್ಟಿನಲ್ಲಿ ಹೀಗಿದೆ ಹಾಗಿದೆ ಅನ್ನದೆ ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡ ಗಿರಾಕಿಯನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಸತ್ಯ ಹೇಳಬೇಕೆಂದರೆ ಅವಳ ಮನಸ್ಸು ಜಾರಿದ್ದು ಅಲ್ಲೇ, ಆ ಬೆಂಚಿನ ಮುಂದೆ.

ಕೆಲಸ ಮುಗಿದಾಗ ಅವಳು ಹೇಳಿದಳು, "ಹೊಸ ಸ್ಪ್ರಿಂಗು ಸ್ವಲ್ಪ ದೂರ ಓಡಿದ ಮೇಲೆ ಕೂರುತ್ತೆ. ಎತ್ತರ ಒಂಚೂರು ಇಳಿಯುತ್ತೆ. ಶನಿವಾರ ಬನ್ನಿ, ಅಳೆದು ಸರಿ ಮಾಡ್ಕೊಡ್ತೀನಿ."

ಇದು ನಿಜವೇ ಆಗಿತ್ತು.

ಶನಿವಾರ ಬಂದ. ಎತ್ತರ ಅಳೆಯುವಾಗ ಓಡಿಸುವವನ ಭಾರ ಸೀಟಿನಲ್ಲಿ ಇರಬೇಕು. ಅವನನ್ನು ಕೂರಿಸಿ, ಅವಳು ಒಂದೊಂದೇ ಚಕ್ರದ ಪಕ್ಕ ಮಂಡಿಯೂರಿ ಟೇಪು ಹಿಡಿದಳು. ಬಾಗಿಲ ಕೆಳಗಿಂದ ತಲೆಯೆತ್ತಿ ನೋಡಿದರೆ, ಅವನು ಉಸಿರು ಬಿಗಿಹಿಡಿದು, ಸ್ಟಿಯರಿಂಗ್ ಹಿಡಿದು, ಫೋಟೋಗೆ ಕೂತವನ ಹಾಗೆ ಕೂತಿದ್ದ.

"ಉಸಿರು ಬಿಡಿ. ಬಿಟ್ರೆ ಕಾರೇನೂ ಮೇಲೇಳಲ್ಲ."

"ನಿಮ್ಮ ಲೆಕ್ಕ ತಪ್ಪಬಾರದಲ್ಲ?" ಎಂದ, ಮುಂದಕ್ಕೇ ನೋಡುತ್ತ. ಕಿವಿ ಮಾತ್ರ ಕೆಂಪಾಗಿತ್ತು.

ನಾಲ್ಕು ಮಿಲಿಮೀಟರ್ ಇಳಿದಿತ್ತು. ಸರಿ ಮಾಡಿದಳು. ಮುಗಿಯಿತು. ಇನ್ನು ಈ ಕಾರು ಇಲ್ಲಿಗೆ ಬರಬೇಕಾದ ಕಾರಣವೇ ಇಲ್ಲ ಅನ್ನುವುದು ಅವಳಿಗೆ ಹೊಳೆದದ್ದು ಟೇಪು ಸುತ್ತುವಾಗ.

"ಇಷ್ಟೇನಾ? ಮುಗೀತಾ?" ಅವನು ಕೇಳಿದ.

"ಇಲ್ಲ," ಎಂದಿತು ಅವಳ ಬಾಯಿ. "ಸ್ಪ್ರಿಂಗು ಇನ್ನೂ ಪೂರ್ತಿ ಕೂತಿಲ್ಲ. ಮುಂದಿನ ಶನಿವಾರ ಬನ್ನಿ."

ಮುಂದಿನ ಶನಿವಾರ ಇನ್ನೊಂದು ಮಿಲಿಮೀಟರ್ ಇಳಿದಿದೆ ಅಂದಳು. ಅದರ ಮುಂದಿನ ಶನಿವಾರ ಹಿಂದಿನ ಎಡಗಡೆ ಅನುಮಾನ ಅಂದಳು. ಒಂದು ಸಲ ಅವನು ಕಿತ್ತಳೆಹಣ್ಣು ತಂದಿದ್ದ. ಅವಳ ಕೈ ತುಂಬ ಗ್ರೀಸು. ಅವನೇ ಸುಲಿದು, ತೊಳೆ ಬಿಡಿಸಿ, ಬಾನೆಟ್ಟಿನ ಮೇಲೆ ಕಾಗದ ಹಾಸಿ ಸಾಲಾಗಿ ಜೋಡಿಸಿದ. ಸರ್ವೇಯರ್ ತಾನೆ, ಸಮ ಅಂತರ ಬೇರೆ. ಬಗ್ಗಿ ಬಾಯಿಂದಲೇ ಎತ್ತಿಕೊಂಡಳು. ಅವನು ಬೇರೆ ಕಡೆ ನೋಡುವ ಸೌಜನ್ಯ ತೋರಿಸಿದ, ಅದೂ ಅರ್ಧಕ್ಕೇ ಮರೆತುಹೋಯಿತು.

ನಾಲ್ಕನೆಯ ಶನಿವಾರ ಅವನ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅಪ್ಪ ಕಾರ್ಬ್ಯುರೇಟರ್ ಕೆಳಗಿಟ್ಟರು.

"ಮಗಳೇ, ನಲವತ್ತು ವರ್ಷದಲ್ಲಿ ಇಷ್ಟು ವಾರ ಕೂರದೇ ಇರೋ ಸ್ಪ್ರಿಂಗು ನಾನು ನೋಡಿಲ್ಲಮ್ಮ. ನಿಂತೇ ಇರುತ್ತಂತಾ ಅದು?"

"ಅಪ್ಪಾ..."

"ಹುಡುಗ ಒಳ್ಳೆಯವನು. ಅದಕ್ಕೇ ಹೇಳ್ತಿರೋದು. ನಿನ್ನ ಮಾತು ನಂಬಿ ವಾರವಾರ ಬರ್ತಿದ್ದಾನೆ. ನಿಜ ಗೊತ್ತಾದ ದಿನ ನಿನ್ನ ಯಾವ ಮಾತನ್ನೂ ನಂಬಲ್ಲ. ಕಾರಿನ ಮಾತು ಅಷ್ಟೇ ಅಲ್ಲ ಕಣಮ್ಮ."

ಅಪ್ಪ ಗದರಿಸಿದ್ದರೆ ಜಗಳವಾಡಬಹುದಿತ್ತು. ಅವರು ಮೆತ್ತಗೆ ಹೇಳಿದ್ದರು. ಆ ವಾರವೆಲ್ಲ ಅವಳಿಗೆ ಊಟ ಸೇರಲಿಲ್ಲ. ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ಬರುತ್ತಾನೆ, ಆದರೆ ಸುಳ್ಳಿನ ಹಿಂದೆ ಬರುತ್ತಾನೆ. ನಂಬಿಕೆ ಹೋದ ಮೇಲೆ ಅವನು ಬಂದು ತಾನೆ ಏನು ಪ್ರಯೋಜನ?

ಐದನೆಯ ಶನಿವಾರ ಬೆಳಿಗ್ಗೆ ಕಾರು ಒಳಗೆ ಬಂತು. ಅವಳು ಟೇಪು ತೆಗೆದುಕೊಳ್ಳಲಿಲ್ಲ.

"ಇವತ್ತು ಅಳೆಯಲ್ಲ," ಎಂದಳು. "ಅಳೆಯೋದೇನೂ ಇಲ್ಲ. ಮೊದಲನೇ ಶನಿವಾರವೇ ಕೆಲಸ ಮುಗಿದಿತ್ತು. ಆಮೇಲೆ ಹೇಳಿದ್ದೆಲ್ಲ ಸುಳ್ಳು. ನಿಮ್ಮ ಕಾರಲ್ಲಿ ಏನೂ ತೊಂದರೆ ಇಲ್ಲ. ನೀವು ಬರೋದು ನಿಲ್ಲಿಸಿಬಿಡ್ತೀರಿ ಅನ್ನೋ ಭಯಕ್ಕೆ ಹಾಗೆ ಹೇಳಿದೆ. ತಪ್ಪಾಯ್ತು."

ಒಂದೇ ಉಸಿರಿಗೆ ಹೇಳಿ ನೆಲ ನೋಡುತ್ತ ನಿಂತಳು. ಅವನು ಕಾರಿನಿಂದಿಳಿದ. ಜೇಬಿನಿಂದ ಸರ್ವೆ ಕೆಲಸದ ಸಣ್ಣ ಪುಸ್ತಕ ತೆಗೆದು ಅವಳ ಮುಂದೆ ಬಿಡಿಸಿ ಹಿಡಿದ. ಒಂದೊಂದು ದಿನಕ್ಕೂ ನಾಲ್ಕು ಅಂಕಿ, ನಾಲ್ಕು ಚಕ್ರದ ಎತ್ತರ. ಮೊದಲ ಶನಿವಾರದಿಂದ ಕೆಳಗೆ ಪುಟಗಟ್ಟಲೆ ಅವೇ ನಾಲ್ಕು ಅಂಕಿ.

"ದಿನಾ ಬೆಳಿಗ್ಗೆ ಅಳೀತೀನಿ," ಎಂದ. "ಕೆಲಸದ ಚಾಳಿ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದದ್ದೇ ತಡ, ನಾಚಿಕೆಯೆಲ್ಲ ಸಿಟ್ಟಾಗಿ ಹೋಯಿತು.

"ಗೊತ್ತಿತ್ತಾ? ಗೊತ್ತಿದ್ದೂ ಗೊಂಬೆ ಥರ ಬಂದು ಕೂರ್ತಿದ್ರಾ? ನಾನಿಲ್ಲಿ ವಾರವೆಲ್ಲ ಅನ್ನ ನೀರು ಬಿಟ್ಟು ಒದ್ದಾಡಿದ್ದೀನಿ ಕಣ್ರೀ!"

"ನಾನೂ ಒದ್ದಾಡಿದ್ದೀನಿ. ನಿಮ್ಮ ಮಾತು ಸುಳ್ಳಾಗೋದು ನನಗೆ ಬೇಕಿರ್ಲಿಲ್ಲ. ಕೆಟ್ಟ ರಸ್ತೆ ಹುಡುಕಿ ಹುಡುಕಿ ಓಡಿಸಿದೆ, ಒಂದು ಮಿಲಿಮೀಟರಾದ್ರೂ ಇಳೀಲಿ ಅಂತ. ಕಲ್ಲು ಕ್ವಾರಿ ರಸ್ತೇಲೂ ಹೋದೆ. ನೀವು ಮಾಡಿದ ಕೆಲಸ ಎಷ್ಟು ಚೆನ್ನಾಗಿದೆ ಅಂದ್ರೆ, ಒಂದು ಕೂದಲೆಳೆಯಷ್ಟೂ ಇಳೀಲಿಲ್ಲ."

ಬಾಗಿಲ ಬಳಿ ಅಪ್ಪನ ಕೈಯಿಂದ ಸ್ಕ್ರೂ ಒಂದು ಬಿತ್ತು. ಅದನ್ನು ಹುಡುಕಲು ಅವರು ಎದ್ದು ಬೀದಿಗೇ ಹೋದರು, ಸ್ಕ್ರೂ ಸ್ಟೂಲಿನ ಕೆಳಗೇ ಬಿದ್ದಿದ್ದರೂ.

"ಈಗ ಕೆಲಸ ಮುಗೀತು ತಾನೆ?" ಅವನು ಕೇಳಿದ.

"ಮುಗೀತು."

"ಹಾಗಾದ್ರೆ ನಾನಿನ್ನು ಗಿರಾಕಿ ಅಲ್ಲ. ಗಿರಾಕಿಯಾಗಿ ಕೇಳೋಕಾಗದ ಮಾತು ಒಂದಿತ್ತು." ಅವನು ಪುಸ್ತಕ ಮುಚ್ಚಿ ಜೇಬಿಗಿಟ್ಟ. "ನನ್ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆ ಗ್ರೀಸು ಬಳಿದುಕೊಂಡಳು.

"ನಾಲ್ಕು ವಾರ ಸುಳ್ಳು ಹೇಳಿದವಳು ನಾನು. ಈಗ ಹೂಂ ಅಂದ್ರೆ ನಂಬ್ತೀರಾ?"

"ಹೇಳಿ ನೋಡಿ."

ಅವಳು ಈ ಸಲ ನೆಲ ನೋಡಲಿಲ್ಲ. "ಹೂಂ. ಆಗ್ತೀನಿ."

"ನಂಬಿದೆ," ಎಂದ ಅವನು, ಆ ಗ್ರೀಸು ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡು.