ಮುಖದ ಮನೆಯಿಂದ ಹೆಸರಿನ ಮನೆಗೆ

ಬಹಳ ಬಹಳ ಹಿಂದೆ, ನೆನಪೂರು ಎಂಬ ರಾಜ್ಯವಿತ್ತು. ಅಲ್ಲಿನ ಮನೆಗಳಿಗೆ ಕಲ್ಲಿಲ್ಲ, ಇಟ್ಟಿಗೆಯಿಲ್ಲ. ಒಳಗೆ ಬಿದಿರಿನ ಹಂದರ, ಮೇಲೆ ತೆಳ್ಳನೆಯ ತೊಗಲು, ಅಷ್ಟೇ. ರಾಜ ಬೀರರಸನ ನೆನಪುಗಳೆಲ್ಲ ಈ ಮನೆಗಳಲ್ಲೇ ವಾಸವಾಗಿದ್ದವು. ಒಂದರಲ್ಲಿ ಮಗಳ ಮುಖ, ಎದುರಿನದರಲ್ಲಿ ಮಗಳ ಹೆಸರು. ಮನೆಗಳು ಒಂದರತ್ತ ಒಂದು ತೋಳು ಚಾಚುತ್ತಿದ್ದವು. ತೋಳುಗಳ ನಡುವೆ ಗೇಣುದ್ದದ ಸಂದು. ಈ ತೋಳು ಸುದ್ದಿಯ ಪೊಟ್ಟಣ ಎಸೆದರೆ ಆ ತೋಳು ಹಿಡಿಯುತ್ತಿತ್ತು. ಆಗ ರಾಜನಿಗೆ ನೆನಪಾಗುತ್ತಿತ್ತು.

ತೋಳು ತಾನಾಗಿ ನಿಲ್ಲುವುದಿಲ್ಲವಲ್ಲ! ತುದಿಯ ಬಿದಿರು ಒಣಗಿ ಉದುರುತ್ತಲೇ ಇರುತ್ತಿತ್ತು. ಕಟ್ಟಾಳುಗಳು ದಿನವೂ ಹಿಂದಿನ ಬಿದಿರು ಬಿಚ್ಚಿ ಮುಂದಕ್ಕೆ ಕಟ್ಟುತ್ತಿದ್ದರು. ಹಾಕುವುದೆಲ್ಲ ಜೀರುಗಂಟು, ಎಳೆದರೆ ಬಿಚ್ಚಿಕೊಳ್ಳಬೇಕು. ರಾಜಕುಮಾರಿ ಮಾಚಲೆಯೂ ಈ ಕೆಲಸ ಕಲಿತಿದ್ದಳು. ಅಂಗೈ ತುಂಬ ಗುಳ್ಳೆ, ಬಾಯಿ ತುಂಬ ನಗು.

ಒಂದು ದಿನ ಮಂತ್ರವಾದಿ ಜಡೆಗುಂಡ ಬಂದ. "ದಿನಾ ಬಿಚ್ಚೋದು, ದಿನಾ ಕಟ್ಟೋದು, ಇದ್ಯಾವ ಕರ್ಮ? ನನ್ನ ಕಬ್ಬಿಣದ ಬಳ್ಳಿಯಿಂದ ಒಂದೇ ಸಲ ಬಿಗಿಯಿರಿ. ಸಾವಿರ ವರ್ಷ ಅಲ್ಲಾಡಲ್ಲ" ಎಂದ. ಬೆನ್ನು ನೊಂದವರೆಲ್ಲ ಒಪ್ಪಿದರು. ಮಾಚಲೆಯೂ ಒಪ್ಪಿದಳು. ಪಾಪ, ನಾನಾಗಿದ್ದರೂ ಒಪ್ಪುತ್ತಿದ್ದೆ.

ಬಿದಿರು ಅಲ್ಲಾಡಲಿಲ್ಲ, ನಿಜ. ಆದರೆ ತುದಿಯ ಬಿದಿರು ಒಣಗಿ ಉದುರಿದಾಗ ಹಿಂದಿನಿಂದ ಒಂದೂ ಬಿಚ್ಚಿ ಬರಲಿಲ್ಲ. ತೋಳುಗಳು ಕುಗ್ಗಿದವು. ಗೇಣಿನ ಸಂದು ಹತ್ತು ಮಾರಾಯಿತು. ಒಂದು ಬೆಳಿಗ್ಗೆ ಬೀರರಸ ಮಗಳನ್ನು ನೋಡಿ, "ಯಾರಮ್ಮ ನೀನು?" ಎಂದ. ಮಾಚಲೆಗೆ ದುಃಖ ಉಕ್ಕಿ ಬಂತು.

ಜಡೆಗುಂಡ ಮೀಸೆ ತಿರುವಿದ. "ಇವತ್ತು ಪಟ್ಟದ ದಿನ. ಹೊತ್ತು ಮುಳುಗೋದರೊಳಗೆ ರಾಜರು ವಾರಸುದಾರರ ಹೆಸರು ಹೇಳಬೇಕು. ಹೇಳದಿದ್ದರೆ ಪಟ್ಟ ನನ್ನದು!"

ಮಾಚಲೆ ಮುಖದ ಮನೆಗೆ ಓಡಿದಳು. ಬಾಗಿಲಲ್ಲಿ ಆನೆಯಷ್ಟು ದೊಡ್ಡ ಮಾಯಾ ಹೆಗ್ಗಣ.

"ಒಳಗೆ ಬಂದರೆ ಕಡೀತೀನಿ!"

"ಕಡಿಯಣ್ಣ, ಬೇಡ ಅಂದವರು ಯಾರು? ಹಿಂದುಗಡೆಯ ಕಬ್ಬಿಣದ ಬಳ್ಳಿ ಕಡಿದುಕೊಡು."

ಹೆಗ್ಗಣದ ಕಣ್ಣು ತುಂಬಿತು. "ಎಲ್ಲರೂ ನನ್ನನ್ನ ಓಡಿಸಿದವರೇ. ಕೆಲಸ ಕೊಟ್ಟವಳು ನೀನೊಬ್ಬಳೇ ತಂಗಿ." ಕಟಕಟ ಕಡಿಯಿತು. ಬಿದಿರು ಸಡಿಲವಾಯಿತು.

ಕಟ್ಟಾಳುಗಳೆಲ್ಲ ಪಟ್ಟದ ಸಭೆಗೆ ಹೋಗಿದ್ದರು. ಬಿಚ್ಚಿದ ಬಿದಿರನ್ನು ತುದಿಗೆ ಹೊರುವವರು ಯಾರು? ತೋಳಿನುದ್ದಕ್ಕೂ ಹಾಯ್ದ ತೊಲೆಯ ಮೇಲೆ ನಾಯಿಯಷ್ಟು ದೊಡ್ಡ, ಎರಡು ಕಾಲಿನ ಇರುವೆಗಳು ಮಂಕಾಗಿ ನಿಂತಿದ್ದವು. ಕೂಗಿದಳು, ಅಲುಗಿಸಿದಳು, ಅಂಗಲಾಚಿದಳು, ಒಂದೂ ಕದಲಲಿಲ್ಲ. ಕೊನೆಗೆ ಬೇಸತ್ತು ಒಂದರ ಬೆನ್ನ ಮೇಲೆ ಬಿದಿರು ಹೇರಿದಳು. ತಕ್ಷಣ ಅದು ಟಪ್ಪಟಪ್ಪನೆ ಹೆಜ್ಜೆ ಹಾಕಿತು! ಭಾರ ಬಿದ್ದರೆ ಮಾತ್ರ ನಡೆಯುವ ಜಾತಿ ಅದು. ಮಾಚಲೆ ನಗುತ್ತ ಎಲ್ಲಕ್ಕೂ ಹೇರಿದಳು.

ತೋಳು ಬೆಳೆಯಿತು, ಬೆಳೆಯಿತು, ಸಂದು ಗೇಣಿಗೆ ಬಂತು. ಸೂರ್ಯ ಅರ್ಧ ಮುಳುಗಿದ್ದ. ತುದಿಯಲ್ಲಿ ಜಡೆಗುಂಡ ಕೂತಿದ್ದ, ಕೈಯಲ್ಲಿ ಅವನ ಕೊನೆಯ ಬಳ್ಳಿ.

"ಈ ಗೇಣೂ ಯಾಕೆ ಮಗು? ಎರಡು ತೋಳನ್ನೂ ಸೇರಿಸಿ ಬಿಗಿದುಬಿಡು. ಅಪ್ಪ ಎಂದೂ ನಿನ್ನ ಮರೆಯಲ್ಲ."

ಮಾಚಲೆ ಬಳ್ಳಿಯತ್ತ ಕೈ ಚಾಚಿದಳು. ಅವಳಿಗೆ ಅಷ್ಟು ಆಸೆಯಾಗಿತ್ತು. ಮರುಕ್ಷಣ ಕೈ ಹಿಂದೆಗೆದಳು.

"ಒಂದು ಸಲ ಬಿಗಿದದ್ದಕ್ಕೇ ಅಪ್ಪನ್ನ ಕಳಕೊಂಡೆ. ದಿನಾ ಕಟ್ತೀನಿ, ಬಿಡು" ಎಂದು ಕೊನೆಯ ಬಿದಿರಿಗೆ ಜೀರುಗಂಟು ಹಾಕಿ, ತನ್ನ ಮುಖದ ಸುದ್ದಿಯ ಪೊಟ್ಟಣ ಎಸೆದಳು. ಹೆಸರಿನ ಮನೆ ಗಪ್ಪನೆ ಹಿಡಿಯಿತು. ಹಿಂದಿನಿಂದ ಬಂದ ಹೆಗ್ಗಣ ಕೊನೆಯ ಬಳ್ಳಿಯನ್ನೂ ಕಡಿಯಿತು. ಮಂತ್ರವೆಲ್ಲ ಅದರಲ್ಲೇ ಇತ್ತು. ಜಡೆ ಉದುರಿ, ಜಡೆಗುಂಡ ಬೋಳುತಲೆಯ ಸಾದಾ ಮನುಷ್ಯನಾದ.

ಕೆಳಗಿನ ಸಭೆಯಲ್ಲಿ ಬೀರರಸ ತಲೆಯೆತ್ತಿ ನೋಡಿದ. "ಮಾಚಲೇ! ಅಂಗೈಗೆ ಏನು ಮಾಡಿಕೊಂಡೆಯೇ, ನನ್ನ ಕಂದ?"

ಪಟ್ಟವೇರಿದ ಮೇಲೂ ಮಾಚಲೆ ದಿನಾ ಬೆಳಿಗ್ಗೆ ಒಂದು ಬಿದಿರು ಬಿಚ್ಚಿ, ಒಂದು ಬಿದಿರು ಕಟ್ಟಿಯೇ ಹಾಲು ಕುಡಿಯುತ್ತಿದ್ದಳು. ಜಡೆಗುಂಡ ಇರುವೆಗಳ ಬೆನ್ನಿಗೆ ಬಿದಿರು ಹೇರುತ್ತಿದ್ದ. ನೆನಪೂರಿನವರೆಲ್ಲ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಿಕೊಂಡು ಸುಖವಾಗಿ ಬಾಳಿದರು.